ಮಂಗನ ಕಾಯಿಲೆ ತೀರ್ಥಹಳ್ಳಿಯಿಂದ ಕೊಪ್ಪಕ್ಕೆ ಬಂತೇ? ವೈರಸ್ಸಿನ ವಂಶಾವಳಿ ಹೇಳುವುದೆಷ್ಟು

ಪ್ರಶ್ನೆ: ಕೊಪ್ಪ ತಾಲ್ಲೂಕಿನಲ್ಲಿ ನಮ್ಮದು ಎಂಟು ಎಕರೆ ಅಡಿಕೆ, ಕಾಫಿ ತೋಟ. ಕಳೆದ ಬೇಸಿಗೆಯಲ್ಲಿ ಲೈನ್ ಮನೆಯ ಇಬ್ಬರು ಹೆಣ್ಣಾಳುಗಳಿಗೆ ಜ್ವರ ಬಂತು. ಒಬ್ಬರದು ಮಂಗನ ಕಾಯಿಲೆ ಎಂದು ರಕ್ತ ಪರೀಕ್ಷೆಯಲ್ಲಿ ಗೊತ್ತಾಯಿತು, ಇನ್ನೊಬ್ಬರದು ಅಲ್ಲ. ಇಬ್ಬರೂ ಗುಣವಾದರು. ಆದರೆ ಊರಲ್ಲಿ ಮಾತು ನಿಂತಿಲ್ಲ. ಆಳುಗಳು ತೀರ್ಥಹಳ್ಳಿ ಕಡೆಯವರು, ಕಾಯಿಲೆ ತಂದಿದ್ದು ಅವರೇ ಎಂದು ಕೆಲವರು. ಶಿವಮೊಗ್ಗ ಕಡೆಯಿಂದ ನಾನು ಕೊಂಡು ತಂದ ಎರಡು ಹಸುಗಳ ಮೈಮೇಲಿನ ಉಣುಗಿನಿಂದ ಬಂತು ಎಂದು ಇನ್ನು ಕೆಲವರು. ಬೆಂಗಳೂರಿನಲ್ಲಿ ಓದುತ್ತಿರುವ ಮಗ ಹೇಳುವುದೇ ಬೇರೆ: ‘ವೈರಸ್ಸಿನ ಜೀನ್ ಓದಿಸಿದರೆ ಎಲ್ಲಿಂದ ಬಂತು ಅಂತ ಗೊತ್ತಾಗುತ್ತೆ. ಯಾವ ಜಾಗದಲ್ಲಿ ವೈರಸ್ಸಿನಲ್ಲಿ ಅತಿ ಹೆಚ್ಚು ವೈವಿಧ್ಯ ಇದೆಯೋ ಅದೇ ಮೂಲ.’ ಇದು ನಿಜವೇ? ಪರೀಕ್ಷೆ ಮಾಡಿಸಿ ಊರವರ ಬಾಯಿ ಮುಚ್ಚಿಸಬಹುದೇ? ಆ ಕಡೆಯ ಆಳುಗಳನ್ನು ಈ ವರ್ಷ ಕರೆಯದಿರುವುದು ಒಳ್ಳೆಯದೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಆಳುಗಳನ್ನು ಬಿಡಿಸುವುದರಿಂದ ನಿಮ್ಮ ತೋಟಕ್ಕೆ ಎಳ್ಳಷ್ಟೂ ರಕ್ಷಣೆ ಸಿಗುವುದಿಲ್ಲ. ನಿಮ್ಮ ಮಗ ಹೇಳಿದ ಸೂತ್ರ ಸುಳ್ಳಲ್ಲ. ಆದರೆ ಅದು ನಿಜವಾಗಲು ಮೂರ್ನಾಲ್ಕು ಷರತ್ತುಗಳಿವೆ, ನಿಮ್ಮ ಊರಿನ ಜಗಳದಲ್ಲಿ ಅವು ಒಂದೂ ಕೂಡಿಬರುವುದಿಲ್ಲ.

ಮಂಗನ ಕಾಯಿಲೆ ಎಂದರೆ ಕ್ಯಾಸನೂರು ಅರಣ್ಯ ಕಾಯಿಲೆ. (ಕೆನ್ನೆ ಊದಿಸುವ ಮಂಗನ ಬಾವು ಬೇರೆ, ಈಚೆಗೆ ಸುದ್ದಿಯಾದ ಮಂಗನ ಸಿಡುಬು ಬೇರೆ. ಮೂರನ್ನೂ ಕಲಸಿ ಮಾತಾಡುವವರು ಬಹಳ ಮಂದಿ.) 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತು, ಸುತ್ತಲಿನ ಹಳ್ಳಿಗಳಲ್ಲಿ ಜ್ವರ ಹರಡಿದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಈ ವೈರಸ್ಸನ್ನು ಗುರುತಿಸಿದರು. ಆ ಕೇಂದ್ರವೇ ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ. ಇದನ್ನು ದಾಟಿಸುವುದು ಉಣುಗು, ಅದರಲ್ಲೂ ಮುಖ್ಯವಾಗಿ ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಜಾತಿ. ಮನುಷ್ಯನಿಂದ ಮನುಷ್ಯನಿಗೆ ಇದು ಹರಡುವುದಿಲ್ಲ. ವೈರಸ್ಸಿನ ಪಾಲಿಗೆ ಮನುಷ್ಯ ಕುರುಡು ಓಣಿ: ಒಳಗೆ ಬಂದದ್ದು ಮುಂದೆ ಹೋಗುವುದಿಲ್ಲ. ಕಡಿತದಿಂದ ಜ್ವರ ಏರುವವರೆಗೆ ಸಾಮಾನ್ಯವಾಗಿ ಮೂರರಿಂದ ಎಂಟು ದಿನ. ಆ ಹೆಣ್ಣುಮಗಳು ಜ್ವರಕ್ಕೆ ಎರಡು ಮೂರು ವಾರ ಮೊದಲೇ ನಿಮ್ಮ ಲೈನ್ ಮನೆಗೆ ಬಂದಿದ್ದರೆ, ಉಣುಗು ಕಚ್ಚಿದ್ದು ನಿಮ್ಮ ಸುತ್ತಮುತ್ತಲ ಕಾಡಿನಲ್ಲೇ. ಊರಿನವರಿಗೆ ಹೇಳಬೇಕಾದ್ದು ಈ ದಿನದ ಲೆಕ್ಕ. ಇದಕ್ಕೆ ಜೀನೋಮ್ (ವೈರಸ್ಸಿನ ಇಡೀ ಜೀನ್ ಬರಹ) ಬೇಕಿಲ್ಲ, ಕ್ಯಾಲೆಂಡರ್ ಸಾಕು.

ಹಸುವಿನ ಮಾತಿನಲ್ಲಿ ಸ್ವಲ್ಪ ಹುರುಳಿದೆ, ಆದರೆ ಊರವರು ಹೇಳುವ ಅರ್ಥದಲ್ಲಲ್ಲ. ದನದ ರಕ್ತದಲ್ಲಿ ಈ ವೈರಸ್ ಹೇಳಿಕೊಳ್ಳುವಷ್ಟು ಬೆಳೆಯುವುದಿಲ್ಲ. ಬಲಿತ ಉಣುಗಿಗೆ ಮಾತ್ರ ದನದ ರಕ್ತವೇ ಊಟ. ಕುಡಿದು ಉಬ್ಬಿದ ಹೆಣ್ಣುಣುಗು ಕೆಳಗೆ ಬಿದ್ದು ದರಗಿನಡಿ (ಉದುರಿದ ಒಣ ಎಲೆಗಳಡಿ) ಸಾವಿರಾರು ಮೊಟ್ಟೆ ಇಡುತ್ತದೆ. ಈ ಜಾತಿಯಲ್ಲಿ ತಾಯಿಯಿಂದ ಮೊಟ್ಟೆಗೆ ವೈರಸ್ ದಾಟುವುದು ಗಣನೆಗೆ ಬರುವಂತಿಲ್ಲ. ಹಾಗಾಗಿ ಹಸು ಹೆಚ್ಚಿಸುವುದು ಉಣುಗಿನ ಸಂಖ್ಯೆಯನ್ನು. ವೈರಸ್ಸನ್ನು ಹೊಸ ಮರಿಗಳಿಗೆ ತುಂಬುವುದು ಇಲಿ, ಸುಂಡಿಲಿಯಂಥ ಸಣ್ಣ ಪ್ರಾಣಿಗಳು ಮತ್ತು ಮಂಗ. ಕೆಂಪು ಮೋರೆಯ ಮಂಗಕ್ಕಾಗಲಿ ಮುಸಿಯಕ್ಕಾಗಲಿ ಸೋಂಕು ತಗುಲಿದರೆ ರಕ್ತದಲ್ಲಿ ವೈರಸ್ ತುಂಬಿ ಹರಿಯುತ್ತದೆ. ಅದು ಸತ್ತು ಬಿದ್ದ ಜಾಗದಲ್ಲಿ ಮೈಮೇಲಿದ್ದ ಉಣುಗುಗಳೆಲ್ಲ ಇಳಿದು ಸುತ್ತ ಹರಡಿಕೊಳ್ಳುತ್ತವೆ. ಸತ್ತ ಮಂಗದ ಸುತ್ತ 50 ಮೀಟರ್ ಔಷಧ ಹೊಡೆಯಬೇಕೆನ್ನುವುದು ಇದಕ್ಕೇ.

ಇನ್ನು ನಿಮ್ಮ ಮಗನ ಸೂತ್ರ. ಚಿಕ್ಕಮಗಳೂರಿನವರಿಗೆ ಇದನ್ನು ಕಾಫಿಯಲ್ಲೇ ಹೇಳಬಹುದು. ಅರೇಬಿಕಾದ ತವರು ಇಥಿಯೋಪಿಯ. ಅಲ್ಲಿನ ನೈಋತ್ಯದ ಕಾಡುಗಳಲ್ಲಿ ಇಂದಿಗೂ ಅರೇಬಿಕಾದಲ್ಲಿ ಅತಿ ಹೆಚ್ಚು ತಳಿ ವೈವಿಧ್ಯವಿದೆ. ಅಲ್ಲಿಂದ ಕೆಲವೇ ಗಿಡಗಳು ಯೆಮನ್‌ಗೆ ಹೋದವು, ಯೆಮನ್‌ನಿಂದ ಬಾಬಾ ಬುಡನ್ ಏಳು ಬೀಜ ತಂದರು ಎಂದು ನಮ್ಮ ಐತಿಹ್ಯ. ಏಳೋ ಎಪ್ಪತ್ತೋ, ಬಂದದ್ದು ಬೊಗಸೆಯಷ್ಟು. ಇಥಿಯೋಪಿಯದ ವೈವಿಧ್ಯವೆಲ್ಲ ಬೊಗಸೆಯಲ್ಲಿ ಹಿಡಿಯುತ್ತದೆಯೇ? ಹೀಗಾಗಿ ಒಂದೊಂದು ನೆಗೆತಕ್ಕೂ ವೈವಿಧ್ಯ ಸೊರಗುತ್ತಾ ಬರುತ್ತದೆ. ವೈರಸ್ಸಿನಲ್ಲೂ ಹೀಗೆಯೇ. ಒಂದೆಡೆ ಬಹುಕಾಲ ಬಿಡದೆ ಸುತ್ತುತ್ತಿದ್ದರೆ, ನಕಲಾಗುವಾಗಿನ ತಪ್ಪುಗಳು ಒಂದರ ಮೇಲೊಂದು ಕೂಡಿ ಕವಲುಗಳು ಬೆಳೆಯುತ್ತವೆ. ಅದರಲ್ಲಿ ಒಂದು ಕವಲು ಬೇರೆ ಊರಿಗೆ ಹಾರಿದರೆ ಅಲ್ಲಿ ಆ ಒಂದೇ ಕವಲಿನ ಸಂತಾನ.

ಇದಕ್ಕೆ ಗಟ್ಟಿ ಉದಾಹರಣೆ ಎಚ್‌ಐವಿ. ಕಾಂಗೋದ ಕಿನ್ಶಾಸಾದಲ್ಲಿ 1959ರಲ್ಲಿ ಒಂದು, 1960ರಲ್ಲಿ ಒಂದು ಮಾದರಿ ಸಂಗ್ರಹವಾಗಿದ್ದವು. ದಶಕಗಳ ನಂತರ ಅವುಗಳಲ್ಲಿದ್ದ ವೈರಸ್ಸಿನ ತುಂಡುಗಳನ್ನು ಓದಿದಾಗ ಎರಡರ ನಡುವೆ ಸುಮಾರು ಶೇ 12ರಷ್ಟು ವ್ಯತ್ಯಾಸ ಕಂಡಿತು. ಒಂದೇ ಊರು, ಒಂದು ವರ್ಷದ ಅಂತರ, ಅಷ್ಟೊಂದು ವ್ಯತ್ಯಾಸ ಎಂದರೆ ಅವೆರಡರ ಮೂಲಪುರುಷ ಅದಕ್ಕೂ ಹಲವು ದಶಕ ಹಿಂದಿನವನು ಎಂದರ್ಥ. 1920ರ ಆಸುಪಾಸಿನ ಕಿನ್ಶಾಸಾ ಎಂಬ ಅಂದಾಜಿಗೆ ಬಂದದ್ದು ಇಂಥ ಲೆಕ್ಕದಿಂದ. ಇದರ ಎದುರು ತುದಿಯ ಉದಾಹರಣೆ ವೆಸ್ಟ್ ನೈಲ್ ವೈರಸ್. 1999ರಲ್ಲಿ ನ್ಯೂಯಾರ್ಕ್‌ನಲ್ಲಿ ಕಾಗೆಗಳು ಉದುರಿದಾಗ ಸಿಕ್ಕ ವೈರಸ್‌ಗಳು ಒಂದಕ್ಕೊಂದು ಹೆಚ್ಚುಕಮ್ಮಿ ಪಡಿಯಚ್ಚು. ತೀರಾ ಹತ್ತಿರದ ನೆಂಟ ಇದ್ದದ್ದು 1998ರಲ್ಲಿ ಇಸ್ರೇಲಿನ ಒಂದು ಹೆಬ್ಬಾತಿನಲ್ಲಿ. ಇಷ್ಟು ಒಂದೇ ತೆರನಾಗಿದ್ದರೆ ಅದು ಈಚೆಗೆ ಒಮ್ಮೆ ಹಾರಿ ಬಂದದ್ದು ಎಂದು ಧೈರ್ಯವಾಗಿ ಹೇಳಬಹುದು.

ಸೂತ್ರ ಕೈಕೊಡುವುದು ಎಲ್ಲಿ? ವೈವಿಧ್ಯ ಹೆಚ್ಚಲು ಹಳೆಯ ತವರಾಗಿರುವುದು ಒಂದೇ ದಾರಿಯಲ್ಲ. ಸಂತೆಗೆ ಹತ್ತೂರಿನ ಜನ ಬರುವಂತೆ, ಬಂದರು, ರಾಜಧಾನಿ, ವಿಮಾನ ನಿಲ್ದಾಣವಿರುವ ಊರಿಗೆ ಬೇರೆ ಬೇರೆ ಕವಲುಗಳು ಹಲವು ಬಾರಿ ಬಂದಿಳಿಯುತ್ತವೆ. ಅಲ್ಲಿ ವೈವಿಧ್ಯ ಎದ್ದು ಕಾಣುತ್ತದೆ, ಆದರೆ ಅದು ತವರಲ್ಲ, ಜಂಕ್ಷನ್. ಮಾದರಿಗಳ ನಡುವಿನ ವ್ಯತ್ಯಾಸ ಹೋಲಿಸಿ ಕಟ್ಟುವ ವಂಶವೃಕ್ಷದಲ್ಲಿ ಇದನ್ನು ಗುರುತಿಸಬಹುದು: ಜಂಕ್ಷನ್ನಿನ ಮಾದರಿಗಳು ಮರದ ತುದಿಗಳಲ್ಲಿ ಚದುರಿಕೊಂಡಿರುತ್ತವೆ, ತವರಿನವು ಬುಡದ ಕವಲುಗಳಲ್ಲೂ ಇರುತ್ತವೆ. ಬರೀ ‘ಎಷ್ಟು ವೈವಿಧ್ಯ’ ಎಂಬ ಒಂದು ಸಂಖ್ಯೆ ನೋಡಿದರೆ ಈ ವ್ಯತ್ಯಾಸ ಕಾಣುವುದಿಲ್ಲ.

ಇನ್ನೊಂದು, ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ದೊಡ್ಡ ಮೋಸ, ಮಾದರಿಗಳ ಲೆಕ್ಕ. ಕಾಯಿಲೆ ಮೊದಲು ಪತ್ತೆಯಾದದ್ದು ಶಿವಮೊಗ್ಗ ಜಿಲ್ಲೆಯಲ್ಲಿ, ಮಂಗನ ಕಾಯಿಲೆಯ ಪರೀಕ್ಷೆಗೇ ಎಂದು ಇರುವ ಪ್ರಯೋಗಾಲಯ ಶಿವಮೊಗ್ಗದಲ್ಲಿ, ದಶಕಗಳಿಂದ ಸತ್ತ ಮಂಗಗಳನ್ನು ಹುಡುಕಿದ್ದೂ ಅಲ್ಲಿನ ಕಾಡುಗಳಲ್ಲೇ ಹೆಚ್ಚು. ಒಂದು ಕಡೆಯಿಂದ 40 ಮಾದರಿ, ಇನ್ನೊಂದು ಕಡೆಯಿಂದ 3 ಮಾದರಿ ಇಟ್ಟುಕೊಂಡು ಕಂಪ್ಯೂಟರಿಗೆ ‘ಮೂಲ ಎಲ್ಲಿ’ ಎಂದು ಕೇಳಿದರೆ ಅದು 40 ಇರುವ ಕಡೆಗೆ ಬೆರಳು ತೋರಿಸುತ್ತದೆ. ದೀಪ ಇದ್ದಲ್ಲಿ ಬೆಳಕು, ಅಷ್ಟೇ. ಪರಿಹಾರ ಇದೆ: ಪ್ರತಿ ಜಾಗದಿಂದಲೂ ಸಮಸಂಖ್ಯೆಯ ಮಾದರಿಗಳನ್ನು ಚೀಟಿ ಎತ್ತಿದಂತೆ ಆರಿಸಿ ಲೆಕ್ಕವನ್ನು ಮತ್ತೆ ಮತ್ತೆ ಮಾಡುವುದು, ಊರಿನ ಹೆಸರುಗಳನ್ನು ಬೇಕೆಂದೇ ಅದಲುಬದಲು ಮಾಡಿ ಉತ್ತರ ಬದಲಾಗುತ್ತದೆಯೇ ನೋಡುವುದು. ಹೆಸರು ಕಲಸಿದ ಮೇಲೂ ಅದೇ ಊರು ‘ಮೂಲ’ ಎಂದು ಬಂದರೆ ಆ ಉತ್ತರ ಕೊಟ್ಟದ್ದು ವೈರಸ್ಸಲ್ಲ, ಮಾದರಿಗಳ ಸಂಖ್ಯೆ.

‘ಮೊದಲು ಕಂಡದ್ದೇ ಮೂಲ’ ಎಂಬ ನಂಬಿಕೆಯೂ ಹೀಗೆ. 1994-95ರ ಹೊತ್ತಿಗೆ ಸೌದಿ ಅರೇಬಿಯದ ಜೆಡ್ಡಾದಲ್ಲಿ ಕಸಾಯಿಖಾನೆ, ಕುರಿ ವ್ಯಾಪಾರದ ಜನರಲ್ಲಿ ರಕ್ತಸ್ರಾವದ ಜ್ವರ ಕಂಡಿತು. ಅಲ್ಕುರ್ಮಾ ಎಂದು ಕರೆದ ಆ ವೈರಸ್ಸನ್ನು ಓದಿ ನೋಡಿದರೆ ನಮ್ಮ ಕ್ಯಾಸನೂರಿನ ಖಾಸಾ ದಾಯಾದಿ. ನಮ್ಮದು 1957, ಅವರದು 1994; ಹಾಗಾದರೆ ಇಲ್ಲಿಂದಲೇ ಅಲ್ಲಿಗೆ ಹೋಗಿರಬೇಕು ಎಂದು ಬಹಳ ಮಂದಿ ಭಾವಿಸಿದರು. 1957ರಿಂದ 2006ರವರೆಗಿನ ಭಾರತದ 48 ವೈರಸ್‌ಗಳನ್ನು ಹೋಲಿಸಿ 2009ರಲ್ಲಿ ಪ್ರಕಟವಾದ ಅಧ್ಯಯನ, ಸೌದಿಯದೂ ಸೇರಿ ಎಲ್ಲಕ್ಕೂ ಪೂರ್ವಜನಾದವನು ಸುಮಾರು 1942ರವನು ಎಂದಿತು. ಎರಡೇ ವರ್ಷಕ್ಕೆ, ಸೌದಿಯ ಹಲವು ಮಾದರಿಗಳ ಪೂರ್ಣ ಜೀನೋಮ್ ಓದಿದ ಇನ್ನೊಂದು ಅಧ್ಯಯನ ಎರಡೂ ಕವಲು ಬೇರೆಯಾಗಿ ಸುಮಾರು 700 ವರ್ಷವಾಯಿತು ಎಂದಿತು. ಎರಡನೆಯದು ಸರಿಯಾದರೆ, ಜೆಡ್ಡಾದ ವೈರಸ್ ನಮ್ಮಿಂದ ಹೋದದ್ದಲ್ಲ. ಅಲ್ಲಿನ ಉಣುಗುಗಳಲ್ಲಿ ಶತಮಾನಗಳಿಂದ ಇದ್ದು, ನೋಡುವವರು ಬಂದಾಗ ಕಂಡದ್ದು. ನನಗೆ ಎರಡನೆಯದೇ ಹೆಚ್ಚು ಒಪ್ಪುವಂತೆ ಕಾಣುತ್ತದೆ, ಏಕೆಂದರೆ ಒಂದು ಕವಲಿನ ಕೆಲವೇ ಮಾದರಿ ಇದ್ದಾಗ ಕಾಲದ ಲೆಕ್ಕ ಸುಲಭವಾಗಿ ಜಾರುತ್ತದೆ. ಅದೇನೇ ಇರಲಿ, 80 ವರ್ಷಕ್ಕೂ 700 ವರ್ಷಕ್ಕೂ ಇರುವ ಅಂತರವನ್ನು ಗಮನಿಸಿ. ಪಳಗಿದ ಕೈಗಳಲ್ಲೇ ಇಷ್ಟು ವ್ಯತ್ಯಾಸ ಬರುವ ಸಾಧನದಿಂದ ‘ಕಳೆದ ಮಾರ್ಚ್‌ನಲ್ಲಿ ತೀರ್ಥಹಳ್ಳಿಯಿಂದ ಕೊಪ್ಪಕ್ಕೆ ಬಂತೇ’ ಎಂದು ಕೇಳುತ್ತಿದ್ದೇವೆ.

ಅದನ್ನೇ ಸಂಖ್ಯೆಯಲ್ಲಿ ನೋಡೋಣ. ಈ ವೈರಸ್ಸಿನ ಜೀನೋಮ್ ಸುಮಾರು 10,800 ಅಕ್ಷರಗಳ (ಎ, ಸಿ, ಜಿ, ಯು ಎಂಬ ನಾಲ್ಕೇ ಬಗೆ) ಆರ್‌ಎನ್‌ಎ ಎಳೆ. 2009ರ ಅಧ್ಯಯನದ ವೇಗ ಹಿಡಿದರೆ ವರ್ಷಕ್ಕೆ ಒಂದು ಅಕ್ಷರಸ್ಥಾನ ಬದಲಾಗುವ ಸಂಭವ 10,000ಕ್ಕೆ 6.4. ಗುಣಿಸಿದರೆ ಇಡೀ ಜೀನೋಮ್‌ಗೆ ವರ್ಷಕ್ಕೆ ಸುಮಾರು 7 ಬದಲಾವಣೆ. ಇದು ವೇಗದ ಅಂದಾಜು; 700 ವರ್ಷದ ಲೆಕ್ಕ ಸರಿಯಾದರೆ ಇದಕ್ಕಿಂತ ಹಲವು ಪಟ್ಟು ನಿಧಾನ. ಉಣುಗಿನೊಳಗೆ ವೈರಸ್ ತಿಂಗಳುಗಟ್ಟಲೆ ಮಲಗಿರುತ್ತದೆ, ಊಟ ಸಿಕ್ಕಾಗಷ್ಟೇ ಚುರುಕಾಗುತ್ತದೆ. ನಕಲು ಕಡಿಮೆಯಾದರೆ ತಪ್ಪೂ ಕಡಿಮೆ. ಕೊರೊನಾ ವೈರಸ್ಸಿನಲ್ಲಿ, 30,000ಕ್ಕೆ ಸ್ವಲ್ಪ ಕಡಿಮೆ ಅಕ್ಷರಗಳಲ್ಲಿ, ತಿಂಗಳಿಗೆ ಸುಮಾರು ಎರಡು ಬದಲಾವಣೆ ಆಗುತ್ತಿದ್ದರೂ ಒಬ್ಬರಿಂದೊಬ್ಬರಿಗೆ ದಾಟಿದ ವೈರಸ್‌ಗಳು ಎಷ್ಟೋ ಸಲ ಪಡಿಯಚ್ಚಾಗಿಯೇ ಇರುತ್ತಿದ್ದವು. ಮಂಗನ ಕಾಯಿಲೆಯಲ್ಲಿ ಒಂದೇ ಬೇಸಿಗೆಯ ತೀರ್ಥಹಳ್ಳಿ ಮತ್ತು ಕೊಪ್ಪದ ಮಾದರಿಗಳ ನಡುವೆ ಸೊನ್ನೆ, ಒಂದು, ಹೆಚ್ಚೆಂದರೆ ಕೆಲವು ಅಕ್ಷರಗಳ ವ್ಯತ್ಯಾಸ ಸಿಗಬಹುದು. ಸೊನ್ನೆ ಬಂದರೆ ಎರಡೂ ಹತ್ತಿರದವು ಎಂದು ಗೊತ್ತಾಯಿತು. ಯಾವುದು ಯಾವುದಕ್ಕೆ ತಾಯಿ ಎಂಬುದು ಗೊತ್ತಾಗುವುದಿಲ್ಲ.

ವ್ಯತ್ಯಾಸ ಸಿಕ್ಕರೂ ಏನಾಗುತ್ತದೆ ಎಂಬುದನ್ನು ಮಗನಿಗೆ ಕಾಗದದ ಮೇಲೆ ಬರೆಯಲು ಹೇಳಿ. ಇದು ವಿಷಯ ತಿಳಿಯಲು ನಾನು ಕಟ್ಟಿದ ಲೆಕ್ಕ, ನಿಜವಾದ ಫಲಿತಾಂಶವಲ್ಲ. ಹೋಲಿಕೆಗೆ ಹೊರಗಿನ ನೆಂಟನಾಗಿ ಅಲ್ಕುರ್ಮಾ ಇಟ್ಟುಕೊಳ್ಳಿ; ಅದರಲ್ಲಿರುವ ಅಕ್ಷರವನ್ನು ಹಳೆಯದು ಎಂದು ಹಿಡಿಯೋಣ. ಮೊದಲ ಸ್ಥಾನದಲ್ಲಿ ಹಳೆಯ ಅಕ್ಷರ ಸಿ, ಎರಡನೆಯದರಲ್ಲಿ ಎ, ಮೂರನೆಯದರಲ್ಲಿ ಜಿ. ತೀರ್ಥಹಳ್ಳಿಯ ಮೊದಲ ಮಾದರಿ ಮೂರೂ ಕಡೆ ಹಳೆಯದೇ: ಸಿ-ಎ-ಜಿ. ತೀರ್ಥಹಳ್ಳಿಯ ಎರಡನೆಯದು ಯು-ಎ-ಜಿ, ಅಂದರೆ ಮೊದಲ ಸ್ಥಾನ ಬದಲಾಗಿದೆ. ಕೊಪ್ಪದ ಮೊದಲನೆಯದು ಯು-ಜಿ-ಜಿ. ಕೊಪ್ಪದ ಎರಡನೆಯದು ಯು-ಜಿ-ಎ. ಓದಿದರೆ ಏಣಿಯಂತೆ ಕಾಣುತ್ತದೆ: ಮೊದಲ ಮೆಟ್ಟಿಲು ತೀರ್ಥಹಳ್ಳಿ, ಎರಡನೆಯದೂ ತೀರ್ಥಹಳ್ಳಿ, ಅದರ ಮೇಲೆ ಕೊಪ್ಪ. ಊರಿನವರು ‘ನೋಡಿ, ಹೇಳಿರಲಿಲ್ಲವೇ’ ಎನ್ನುತ್ತಾರೆ.

ಈಗ ಫ್ರೀಜರಿನಲ್ಲಿದ್ದ ಎರಡು ಹಳೆಯ ಮಾದರಿ ಸೇರಿಸಿ. ಶೃಂಗೇರಿಯದು ಯು-ಎ-ಜಿ, ನರಸಿಂಹರಾಜಪುರದ್ದು ಸಿ-ಎ-ಜಿ. ಏಣಿಯ ಮೆಟ್ಟಿಲುಗಳು ಬದಲಾಗಲಿಲ್ಲ, ಆದರೆ ಕೆಳಗಿನ ಎರಡು ಮೆಟ್ಟಿಲುಗಳ ಮೇಲೆ ಈಗ ಚಿಕ್ಕಮಗಳೂರು ಜಿಲ್ಲೆಯವೂ ನಿಂತಿವೆ. ಕೊಪ್ಪಕ್ಕೆ ಬಂದದ್ದು ಉತ್ತರದಿಂದಲೋ ದಕ್ಷಿಣದಿಂದಲೋ, ಅಥವಾ ಇಡೀ ತುಂಗಾ ಕಣಿವೆಯ ಕಾಡಿನಲ್ಲಿ ಮೊದಲಿನಿಂದಲೂ ಇತ್ತೋ, ಹೇಳಲು ಆಧಾರವಿಲ್ಲ. ಎರಡು ಮಾದರಿ ಸಿಗದೇ ಹೋಗಿದ್ದರೆ ತಪ್ಪು ಉತ್ತರವನ್ನು ಪೂರ್ಣ ವಿಶ್ವಾಸದಿಂದ ಕೊಡುತ್ತಿದ್ದೆವು. ವಂಶವೃಕ್ಷ ಸುಳ್ಳು ಹೇಳುವುದು ಅಪರೂಪ. ಅದರಲ್ಲಿ ಇಲ್ಲದವರ ಬಗ್ಗೆ ನಾವೇ ಊಹಿಸಿಕೊಳ್ಳುವುದು ಹೆಚ್ಚು. ಯಾವ ಊರಿಂದ ಯಾವ ಊರಿಗೆ ಬಂತು ಎಂದು ಬಾಣ ಎಳೆಯುವಾಗ ನೆನಪಿಡಬೇಕಾದ ಇನ್ನೊಂದು ವಿಷಯ: ಈ ಮರದಲ್ಲಿ ಮನುಷ್ಯರ ಮಾದರಿಗಳೆಲ್ಲ ಎಲೆಗಳ ತುದಿ. ರೆಂಬೆಗಳು ಇರುವುದು ಉಣುಗು, ಇಲಿ, ಮಂಗಗಳಲ್ಲಿ. ಕೊಪ್ಪದ ರೋಗಿಯ ವೈರಸ್ ತೀರ್ಥಹಳ್ಳಿಯ ರೋಗಿಯದನ್ನು ಹೋಲಿದರೆ ಅವರಿಬ್ಬರ ನಡುವೆ ಸಂಬಂಧವಿದೆ ಎಂದಲ್ಲ, ಅವರನ್ನು ಕಚ್ಚಿದ ಉಣುಗುಗಳ ಕಾಡು ಒಂದೇ ಎಂದು.

ಹಾಗಾದರೆ ಜೀನೋಮ್ ಓದಿಸುವುದು ದಂಡವೇ? ಖಂಡಿತ ಅಲ್ಲ. ಅದರ ಉಪಯೋಗ ದೊಡ್ಡ ಅಳತೆಯಲ್ಲಿ. ಶಿವಮೊಗ್ಗ ಜಿಲ್ಲೆಯ ಕಾಯಿಲೆ ಎಂದುಕೊಂಡಿದ್ದದ್ದು 1982-83ರಲ್ಲಿ ಬೆಳ್ತಂಗಡಿ ಕಡೆ ಸ್ಫೋಟಿಸಿತು. 2012ರಲ್ಲಿ ಬಂಡೀಪುರದಲ್ಲಿ ಮಂಗಗಳು ಸತ್ತವು, 2013ರಲ್ಲಿ ವಯನಾಡು, 2015ರಲ್ಲಿ ಗೋವಾ, 2016ರಲ್ಲಿ ಸಿಂಧುದುರ್ಗ. ಇಲ್ಲಿ ಪ್ರಶ್ನೆ ನೂರಾರು ಕಿಲೋಮೀಟರಿನದು, ದಶಕಗಳದು. ಅಷ್ಟು ಅಂತರಕ್ಕೆ ಬದಲಾವಣೆಗಳು ಕೂಡಿರುತ್ತವೆ. ಗೋವಾದ್ದು ಒಂದೇ ಬಾರಿ ಬಂದದ್ದೇ, ಹಲವು ಬಾರಿಯೇ ಎಂದು ಕೇಳಿದರೆ ಉತ್ತರ ಸಿಗುವ ಸಾಧ್ಯತೆಯಿದೆ. ಪರೀಕ್ಷಾ ಕಿಟ್ಟಿನ ಪ್ರೈಮರ್ (ವೈರಸ್ಸಿನ ಜೀನ್ ಬರಹಕ್ಕೆ ಅಂಟುವ ಚಿಕ್ಕ ತುಂಡು) ಹಿಡಿಯುವ ಜಾಗ ಬದಲಾಗಿದೆಯೇ, ಹೊಸ ಲಸಿಕೆ ಮಾಡುವಾಗ ಯಾವ ಕವಲನ್ನು ಆರಿಸಬೇಕು ಎಂಬುದಕ್ಕೂ ಇದು ಬೇಕೇ ಬೇಕು.

ಮಾಡಿಸಬೇಕು ಎಂದರೆ ನಿಮ್ಮ ಮುಂದೆ ಇರುವ ದಾರಿಗಳು ಹೀಗಿವೆ. ಕಳೆದ ವರ್ಷದ ರೋಗಿಯ ರಕ್ತ ಈಗ ತೆಗೆದರೆ ಪ್ರಯೋಜನವಿಲ್ಲ, ವೈರಸ್ ಹೋಗಿ ಪ್ರತಿಕಾಯ ಮಾತ್ರ ಉಳಿದಿರುತ್ತದೆ. ಆಗ ಅವರದು ಪಾಸಿಟಿವ್ ಬಂದದ್ದು ಆರ್‌ಟಿ-ಪಿಸಿಆರ್‌ನಲ್ಲೋ ಐಜಿಎಂನಲ್ಲೋ ಎಂದು ವರದಿ ತೆಗೆದು ನೋಡಿ; ಮೊದಲನೆಯದು ವೈರಸ್ಸಿನ ಆರ್‌ಎನ್‌ಎಯನ್ನೇ ಹುಡುಕುತ್ತದೆ, ಎರಡನೆಯದು ಪ್ರತಿಕಾಯವನ್ನು. ಐಜಿಎಂ ಆದರೆ ಓದಲು ಜೀನೋಮ್ ಇಲ್ಲವೇ ಇಲ್ಲ. (ತಡವಾಗಿ ಆಸ್ಪತ್ರೆಗೆ ಬರುವ ಊರುಗಳು ವಂಶವೃಕ್ಷದಲ್ಲಿ ಕಾಣದೇ ಹೋಗುವುದಕ್ಕೆ ಇದೂ ಕಾರಣ.) ಪಿಸಿಆರ್ ಆದರೆ ಸಿಟಿ ಎಂಬ ಸಂಖ್ಯೆ, ಅಂದರೆ ವೈರಸ್ ಕಾಣಿಸಲು ಎಷ್ಟು ಸುತ್ತು ನಕಲು ಮಾಡಬೇಕಾಯಿತು ಎಂಬುದು, ಮುಖ್ಯ. ಸಿಟಿ ಸುಮಾರು 3.3 ಹೆಚ್ಚಾದರೆ ವೈರಸ್ ಹತ್ತು ಪಟ್ಟು ಕಡಿಮೆ ಎಂದರ್ಥ. 20ಕ್ಕೂ 30ಕ್ಕೂ ಸಾವಿರ ಪಟ್ಟು ವ್ಯತ್ಯಾಸ. 25ರ ಒಳಗಿದ್ದರೆ ಇಡೀ ಜೀನೋಮ್ ಸಿಗುವ ಭರವಸೆ ಇದೆ, 30 ದಾಟಿದರೆ ಹರಕು ಮುರುಕು. ಆ ಮಾದರಿ ಇನ್ನೂ ಮೈನಸ್ 70-80 ಡಿಗ್ರಿಯಲ್ಲಿ ಉಳಿದಿದ್ದರೆ ಸರ್ಕಾರಿ ಪ್ರಯೋಗಾಲಯದವರು ಓದಬಹುದು. ಕೋರಿಕೆ ಹೋಗಬೇಕಾದ್ದು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಮೂಲಕ, ರೋಗಿಯ ಒಪ್ಪಿಗೆಯೊಂದಿಗೆ. ಆ ಹೆಣ್ಣುಮಗಳು ಬೇಡ ಎಂದರೆ ಅಲ್ಲಿಗೆ ಮುಗಿಯಿತು; ರಕ್ತ ಅವರದು, ತೋಟದ ಮಾಲೀಕರದಲ್ಲ.

ಮುಂದಿನ ಹಂಗಾಮಿನಲ್ಲಿ, ಅಂದರೆ ನವೆಂಬರ್‌ನಿಂದ ಮೇ ಒಳಗೆ, ಕಾಡಿಗೆ ಹೋಗಿ ಬಂದವರಿಗೆ ಏಕಾಏಕಿ ಜ್ವರ, ತಲೆ ಸಿಡಿತ, ಸೊಂಟ-ಮೀನಖಂಡದ ನೋವು ಬಂದರೆ ಎರಡು ಮೂರು ದಿನ ಕಾಯದೆ ರಕ್ತವನ್ನು ಪರೀಕ್ಷೆಗೆ ಕೊಡಿಸಿ. ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಿಸಬೇಡಿ, ರಕ್ತಸ್ರಾವದ ಅಪಾಯವಿರುವ ಕಾಯಿಲೆ ಇದು. ರಕ್ತ ತೆಗೆಯುವುದು ಕೆಂಪು ಅಥವಾ ನೇರಳೆ ಮುಚ್ಚಳದ ಟ್ಯೂಬಿಗೆ. ಹಸಿರು ಮುಚ್ಚಳದ್ದರಲ್ಲಿರುವ ಹೆಪಾರಿನ್ ಪಿಸಿಆರನ್ನೇ ಕೆಡಿಸುತ್ತದೆ. ಅದು ಐಸ್ ಪ್ಯಾಕ್ ಇರುವ ಡಬ್ಬಿಯಲ್ಲಿ 2ರಿಂದ 8 ಡಿಗ್ರಿಯಲ್ಲಿ ಹೋಗಬೇಕು. ಫ್ರಿಜ್ಜಿನ ಫ್ರೀಜರಿನಲ್ಲಿ ಗಟ್ಟಿಯಾಗಿ, ಕರೆಂಟು ಹೋದಾಗ ಕರಗಿ, ಮತ್ತೆ ಗಟ್ಟಿಯಾದರೆ ಆರ್‌ಎನ್‌ಎ ತುಂಡಾಗುತ್ತದೆ. ಮಲೆನಾಡಿನ ಬೇಸಿಗೆಯಲ್ಲಿ ಮಾದರಿಗಳು ಕೆಡುವುದು ಹೆಚ್ಚಾಗಿ ಹೀಗೆ.

ಟ್ಯೂಬಿಗಿಂತ ಹೆಚ್ಚಿನ ಎಚ್ಚರ ಬೇಕಾದ್ದು ಚೀಟಿಯ ಮೇಲೆ. ಕೊಪ್ಪ, ಶೃಂಗೇರಿಯ ರೋಗಿಗಳನ್ನು ಮಣಿಪಾಲಕ್ಕೋ ಶಿವಮೊಗ್ಗಕ್ಕೋ ಕರೆದೊಯ್ಯುವುದು ವಾಡಿಕೆ. ಅಲ್ಲಿ ತೆಗೆದ ರಕ್ತಕ್ಕೆ ‘ಸ್ಥಳ: ಉಡುಪಿ’ ಎಂದು ಬಿದ್ದರೆ ವಂಶವೃಕ್ಷದಲ್ಲಿ ನಿಮ್ಮ ಕಾಡಿನ ವೈರಸ್ ಕರಾವಳಿಗೆ ವರ್ಗವಾಗುತ್ತದೆ. ಮುಂದೆ ಯಾರೋ ಅದನ್ನು ನೋಡಿ ‘ಘಟ್ಟ ಇಳಿಯಿತು’ ಎಂದು ಬಾಣ ಎಳೆಯುತ್ತಾರೆ. ಬರೆಯಬೇಕಾದ್ದು ಆಸ್ಪತ್ರೆಯ ಊರಲ್ಲ, ಮನೆಯ ಊರೂ ಸಾಲದು. ಜ್ವರಕ್ಕೆ ಮೊದಲ ಹತ್ತು ದಿನಗಳಲ್ಲಿ ದರಗು ಗುಡಿಸಿದ್ದು, ಸೌದೆ ತಂದದ್ದು, ದನ ಮೇಯಿಸಿದ್ದು ಯಾವ ಕಾಡಿನಲ್ಲಿ, ಯಾವ ದಿನ. ಆಶಾ ಕಾರ್ಯಕರ್ತೆಯ ಬಳಿ ಕೂತು ಅದನ್ನು ಬರೆಸುವುದು ನೀವು ಮಾಡಬಹುದಾದ ಅತ್ಯಂತ ಬೆಲೆಬಾಳುವ ಕೆಲಸ.

ಉಣುಗು ಹಿಡಿದು ಬಾಟಲಿಗೆ ಹಾಕಿ ಖಾಸಗಿ ಲ್ಯಾಬಿಗೆ ಕೊರಿಯರ್ ಮಾಡುವ ಯೋಚನೆ ಇದ್ದರೆ ಇಲ್ಲಿಗೇ ಬಿಡಿ. ಜೀವಂತ ವೈರಸ್ಸನ್ನು ಅತ್ಯುನ್ನತ ಸುರಕ್ಷತೆಯ ಪ್ರಯೋಗಾಲಯದಲ್ಲಿ ಮಾತ್ರ ಬೆಳೆಸುತ್ತಾರೆ. ಈ ವೈರಸ್‌ನಿಂದ ಲ್ಯಾಬಿನವರಿಗೇ ಸೋಂಕು ತಗುಲಿದ್ದುಂಟು. ಇಲಾಖೆಯ ತರಬೇತಾದವರು ಬಿಳಿ ಬಟ್ಟೆಯನ್ನು ನೆಲದ ಮೇಲೆ ಎಳೆದು ಉಣುಗು ಸಂಗ್ರಹಿಸುತ್ತಾರೆ. ಹಲವು ಉಣುಗುಗಳನ್ನು ಒಟ್ಟಿಗೆ ಅರೆದು ಪರೀಕ್ಷಿಸುವುದರಿಂದ ಒಂದಕ್ಕಿಂತ ಹೆಚ್ಚು ವೈರಸ್‌ಗಳು ಬೆರೆತು, ಎಲ್ಲೂ ಇಲ್ಲದ ಕಲಬೆರಕೆ ಜೀನೋಮ್ ಹುಟ್ಟುವ ಅಪಾಯ ಅಲ್ಲೂ ಇದೆ. ಸತ್ತ ಮಂಗ ಕಂಡರೆ ಮುಟ್ಟಬೇಡಿ, ಹೂಳಬೇಡಿ. ಆರೋಗ್ಯ ಕೇಂದ್ರಕ್ಕೋ ಅರಣ್ಯ ಇಲಾಖೆಗೋ ಅದೇ ದಿನ ತಿಳಿಸಿ, ಬೇಸಿಗೆಯಲ್ಲಿ ಒಂದೇ ದಿನಕ್ಕೆ ಅಂಗಾಂಶ ಕೊಳೆಯುತ್ತದೆ.

ಫಲಿತಾಂಶ ಬಂದ ಮೇಲಿನ ಅಪಾಯವನ್ನೂ ಹೇಳಬೇಕು. ಅಮೆರಿಕಕ್ಕೆ ಎಚ್‌ಐವಿ ತಂದವನು ಎಂದು ಒಬ್ಬ ವಿಮಾನ ಸಿಬ್ಬಂದಿಯನ್ನು ದಶಕಗಳ ಕಾಲ ‘ಸೊನ್ನೆಯ ರೋಗಿ’ ಎಂದು ಜರೆದರು. ದಾಖಲೆಯಲ್ಲಿ ಇದ್ದದ್ದು ಹೊರಗಿನವನು ಎಂಬರ್ಥದ ‘ಓ’ ಅಕ್ಷರ, ಅದನ್ನು ಸೊನ್ನೆ ಎಂದು ಓದಿಕೊಂಡಿದ್ದರು. 2016ರಲ್ಲಿ ಅವನ ರಕ್ತದ ವೈರಸ್ಸನ್ನು 1970ರ ದಶಕದ ಹಳೆಯ ಮಾದರಿಗಳ ಜೊತೆ ಇಟ್ಟು ನೋಡಿದಾಗ ಅದು ಮರದ ಬುಡದಲ್ಲಿರಲಿಲ್ಲ, ನಡುವಿನ ಹಲವು ರೆಂಬೆಗಳಲ್ಲಿ ಒಂದಾಗಿತ್ತು. ಅಷ್ಟು ಹೊತ್ತಿಗೆ ಅವನು ಸತ್ತು 30 ವರ್ಷ ದಾಟಿತ್ತು. ನಿಮ್ಮ ಲೈನ್ ಮನೆಯ ಹೆಣ್ಣುಮಗಳು ನಾಳೆಯೂ ಅದೇ ಊರಿನ ಅಂಗಡಿಗೆ ಹೋಗಬೇಕು. ವರದಿಯಲ್ಲಿ ತೋಟದ ಹೆಸರು, ರೋಗಿಯ ಹೆಸರು ಬರದಂತೆ, ಹೆಚ್ಚೆಂದರೆ ತಾಲ್ಲೂಕು ಮಾತ್ರ ಬರುವಂತೆ ಮೊದಲೇ ಮಾತಾಡಿಕೊಳ್ಳಿ.

ತೋಟದ ಮಟ್ಟಿಗೆ: ಆಳುಗಳು ಎಲ್ಲಿಯವರೇ ಆಗಲಿ, ಕಾಡಂಚಿನ ಕೆಲಸಕ್ಕೆ ಹೋಗುವ ಮೊದಲು ಆರೋಗ್ಯ ಇಲಾಖೆ ಕೊಡುವ ಡೆಪಾ ಎಂಬ, ಉಣುಗು ದೂರವಿಡುವ ಎಣ್ಣೆಯನ್ನು ಕೈಕಾಲು, ಕುತ್ತಿಗೆಗೆ ಹಚ್ಚಿಸಿ. ಬಂದ ಮೇಲೆ ಬಿಸಿನೀರು, ಸೋಪಿನ ಸ್ನಾನ, ಬಟ್ಟೆಯನ್ನೂ ಬಿಸಿನೀರಿಗೆ. ಮನುಷ್ಯರನ್ನು ಹೆಚ್ಚಾಗಿ ಕಚ್ಚುವುದು ಎಳ್ಳುಕಾಳಿನಷ್ಟಿರುವ ಮರಿ ಉಣುಗು, ಕಣ್ಣಿಗೆ ಬೀಳಲಿಲ್ಲ ಎಂದರೆ ಇಲ್ಲ ಎಂದಲ್ಲ. ಕೊಟ್ಟಿಗೆಗೆ ಹಾಕುವ ದರಗನ್ನು ಮನೆಯಂಗಳದಲ್ಲಿ ರಾಶಿ ಹಾಕಬೇಡಿ. ಹೊಸ ಹಸು ತಂದರೆ ಹಳೆಯವುಗಳ ಜೊತೆ ಮೇಯಲು ಬಿಡುವ ಮುನ್ನ ಪಶುವೈದ್ಯರಿಂದ ಉಣುಗಿನ ಔಷಧ ಹಾಕಿಸಿ, ಎಷ್ಟು ದಿನ ಹಾಲು ಬಳಸಬಾರದು ಎಂದೂ ಕೇಳಿಕೊಳ್ಳಿ.

ಮಗನಿಗೆ ನಿಜಕ್ಕೂ ಆಸಕ್ತಿಯಿದ್ದರೆ, ಈ ವೈರಸ್ಸಿನ ಜೀನೋಮ್‌ಗಳು ಜೀನ್‌ಬ್ಯಾಂಕ್ ಎಂಬ ಅಂತರಜಾಲದ ಭಂಡಾರದಲ್ಲಿ ಎಲ್ಲರಿಗೂ ತೆರೆದಿವೆ. ಮರ ಕಟ್ಟುವ ಮೊದಲು ಪಟ್ಟಿಯನ್ನು ಸೋಸಬೇಕು. ಕೆಲವದರಲ್ಲಿ ಸಂಗ್ರಹದ ದಿನಾಂಕವಿರುವುದಿಲ್ಲ, ಇರುವುದು ಅಪ್‌ಲೋಡ್ ಮಾಡಿದ ದಿನ, ಅವನ್ನು ಬಿಡಬೇಕು. 1957ರ ಮೂಲ ಮಾದರಿಯನ್ನು ದಶಕಗಳಿಂದ ಬೇರೆ ಬೇರೆ ಲ್ಯಾಬುಗಳಲ್ಲಿ ಬೆಳೆಸಿರುವುದರಿಂದ ಅದರ ನಕಲುಗಳು ಹಲವಿರಬಹುದು, ಒಂದನ್ನಷ್ಟೇ ಇಟ್ಟುಕೊಳ್ಳಬೇಕು. ಚೀನಾದ ಯುನ್ನಾನ್‌ನಲ್ಲಿ 1989ರಲ್ಲಿ ರೋಗಿಯೊಬ್ಬನಿಂದ ತೆಗೆದದ್ದು ಎಂದು 2009ರಲ್ಲಿ ಪ್ರಕಟವಾದ ಒಂದು ವೈರಸ್ ಇದೆ. 32 ವರ್ಷ, ಸಾವಿರಾರು ಕಿಲೋಮೀಟರ್ ದಾಟಿದ ಮೇಲೂ ಅದು 1957ರದ್ದಕ್ಕೆ ಹೆಚ್ಚುಕಮ್ಮಿ ಅಚ್ಚು ಹೊಡೆದಂತಿದೆ. ವರ್ಷಕ್ಕೆ ಒಂದೇ ಬದಲಾವಣೆ ಎಂದರೂ ಮೂವತ್ತು ಕಾಣಬೇಕಿತ್ತು. ಲ್ಯಾಬಿನಲ್ಲಿ ಮಾದರಿ ಬೆರೆತಿರಬಹುದು ಎಂಬ ಶಂಕೆ ಬಂದದ್ದು ಹೀಗೆ. ಓದಲಾಗದ ಜಾಗಗಳಲ್ಲಿ ‘ಎನ್’ ಇರಬೇಕು. ಅಲ್ಲಿ 1957ರ ಅಕ್ಷರಗಳನ್ನೇ ತುಂಬಿದ ಜೀನೋಮ್ ಇದ್ದರೆ ಅದು ಸುಳ್ಳುಸುಳ್ಳೇ ಶಿವಮೊಗ್ಗದ ಕಡೆಗೆ ವಾಲುತ್ತದೆ. ಇಷ್ಟಾದ ಮೇಲೆ ಒಂದು ಗ್ರಾಫ್ ಹಾಕಲಿ: ಅಡ್ಡಕ್ಕೆ ಸಂಗ್ರಹದ ವರ್ಷ, ಉದ್ದಕ್ಕೆ ಮರದ ಬುಡದಿಂದ ಆ ಮಾದರಿಯವರೆಗಿನ ಬದಲಾವಣೆಗಳ ಸಂಖ್ಯೆ. ಚುಕ್ಕಿಗಳು ಎಡದಿಂದ ಬಲಕ್ಕೆ ಮೇಲೇರಿದರೆ ಗಡಿಯಾರ ನಡೆಯುತ್ತಿದೆ, ಕಾಲದ ಲೆಕ್ಕಕ್ಕೆ ಕೈಹಾಕಬಹುದು. ಕಾಳು ಚೆಲ್ಲಿದಂತೆ ಚದುರಿದ್ದರೆ ಊರು, ವರ್ಷ ಎರಡನ್ನೂ ಹೇಳಲು ಹೋಗಬಾರದು, ಸಾಫ್ಟ್‌ವೇರ್ ಎಷ್ಟೇ ಅಂದವಾದ ನಕ್ಷೆ ಬರೆದುಕೊಟ್ಟರೂ.